ಬೇರಿಂಗ್‌ಗೆ ಮುಚ್ಚಳ ಬೇಕೆ?

"ನೀರಿನ ಪಂಪಿನ ಬೇರಿಂಗ್ ಹೋಗಿದೆ. ಅಂಗಡಿಯಲ್ಲಿ ಒಂದೇ ಅಳತೆಯವು ಎರಡು ತೋರಿಸಿದರು, ಒಂದು ತೆರೆದದ್ದು, ಒಂದು ಸೀಲ್ ಆದದ್ದು. ಸೀಲ್ ಆದದ್ದಕ್ಕೆ ಜೀವಮಾನವಿಡೀ ಗ್ರೀಸ್ ಬೇಡವಂತೆ. ನಿಜವೇ?" ಎಂದು ಕರಾವಳಿಯ ಓದುಗರೊಬ್ಬರು ಕೇಳಿದ್ದಾರೆ. ನಿಜ. ಆದರೆ ಅಲ್ಲಿ ಹೇಳುವ ಜೀವಮಾನ ಆ ಬೇರಿಂಗ್‌ನದು, ಪಂಪಿನದಲ್ಲ. ಬಹುಪಾಲು ಕಡೆ ಉಕ್ಕು ಸವೆಯುವ ಮೊದಲೇ ಒಳಗಿನ ಗ್ರೀಸ್ ಮುಗಿದಿರುತ್ತದೆ.

ತಿರುಗುವ ಗುಂಡಿಗೂ ರಿಂಗಿಗೂ ನಡುವೆ ಇರುವ ಎಣ್ಣೆಯ ಪದರ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ ತೆಳು. ತಲೆಗೂದಲು ಅದರ ಐವತ್ತು ಪಟ್ಟಿಗಿಂತ ದಪ್ಪ. ಇಂಥ ಜಾಗಕ್ಕೆ ಮರಳಿನ ಪುಡಿ ಸಿಕ್ಕಿದರೆ ಉಕ್ಕಿನಲ್ಲಿ ಕುಳಿ ಬೀಳುತ್ತದೆ, ಕುಳಿಯ ಅಂಚಿನಲ್ಲಿ ಬಿರುಕು ಹುಟ್ಟುತ್ತದೆ, ಕೊನೆಗೆ ಚಕ್ಕೆ ಏಳುತ್ತದೆ. ನೀರು ಸೇರಿದರೆ ತುಕ್ಕು.

ಸೀಲ್ ಆದ ಬೇರಿಂಗ್ ಬುತ್ತಿ ಕಟ್ಟಿಕೊಂಡು ಹೊರಟ ಪಯಣಿಗನಂತೆ. ಕಾರ್ಖಾನೆಯಲ್ಲೇ ಒಳಗಿನ ಖಾಲಿ ಜಾಗದ ಸುಮಾರು ಮೂರನೇ ಒಂದು ಭಾಗದಷ್ಟು ಗ್ರೀಸ್ ತುಂಬಿ ಮುಚ್ಚಿರುತ್ತಾರೆ. ದಾರಿಯ ಧೂಳು ಬುತ್ತಿಗೆ ಬೀಳುವುದಿಲ್ಲ, ಯಾರ ಹಂಗೂ ಇಲ್ಲ. ಆದರೆ ಬುತ್ತಿ ಮುಗಿದರೆ, ಹಳಸಿದರೆ, ಮತ್ತೆ ಬಡಿಸುವವರಿಲ್ಲ. ತೆರೆದ ಬೇರಿಂಗ್ ಪಂಕ್ತಿಯಲ್ಲಿ ಕೂತಿದೆ. ಬಡಿಸುವವರು ಬರುತ್ತಲೇ ಇದ್ದರೆ ಅದಕ್ಕೆ ಕೊರತೆಯಿಲ್ಲ. ಗೇರ್‌ಬಾಕ್ಸಿನಲ್ಲಿ ಗೇರುಗಳು ಚಿಮ್ಮಿಸುವ ಎಣ್ಣೆಯೇ ಆ ಬಡಿಸುವಿಕೆ. ದೊಡ್ಡ ಮೋಟರಿನಲ್ಲಿ ಗ್ರೀಸ್ ಗನ್ ಹಿಡಿದು ಬರುವ ಮೆಕ್ಯಾನಿಕ್. ಬಡಿಸುವವರು ಮರೆತರೆ ಉಪವಾಸ, ಅತಿಯಾಗಿ ಬಡಿಸಿದರೆ ಗ್ರೀಸ್ ಕಲಕಿ ಬೇರಿಂಗ್ ಬಿಸಿಯಾಗುತ್ತದೆ.

ಉಪ್ಪುಗಾಳಿ ಇರುವಲ್ಲೆಲ್ಲ ಸೀಲ್ ಆದದ್ದೇ ಸರಿ ಎಂಬ ಮಾತಿದೆ. ತಿರುವನಂತಪುರದ ವಿಳಿಂಜಂ ಅದನ್ನು ಪರೀಕ್ಷಿಸಲು ಒಳ್ಳೆಯ ಜಾಗ. 2025ರ ಮೇ 2ರಂದು ಉದ್ಘಾಟನೆಯಾದ ಬಂದರಿನಿಂದಾಗಿ ಆ ಊರು ಎಲ್ಲರಿಗೂ ಗೊತ್ತು. ಇಂಥ ಬಂದರುಗಳಲ್ಲಿ ಕಂಟೇನರ್ ಎತ್ತುವ ಕ್ರೇನುಗಳ ಉಕ್ಕಿನ ಹಗ್ಗ ಹಾಯುವ ರಾಟೆಗಳು ಬಹಳ ಎತ್ತರದಲ್ಲಿ, ಮಳೆಗೆ ಮೈಯೊಡ್ಡಿ ನಿಂತಿರುತ್ತವೆ. ತಿರುಗುವುದು ನಿಧಾನ, ಹೊರೆ ಭಾರಿ, ಮತ್ತೆ ಮತ್ತೆ ಹತ್ತುವುದು ಕಷ್ಟ. ಇಂಥ ರಾಟೆಗಳಿಗೆಂದೇ ಒತ್ತೊತ್ತಾಗಿ ರೋಲರ್ ತುಂಬಿ, ಎರಡೂ ಬದಿ ಸೀಲ್ ಮಾಡಿದ ಬೇರಿಂಗ್‌ಗಳನ್ನು ತಯಾರಿಸುತ್ತಾರೆ.

ಅದೇ ಊರಿನಲ್ಲಿ, ಮೀನುಗಾರಿಕೆ ಬಂದರಿನ ತಡೆಗೋಡೆಯ ಬಳಿ, 1991ರಲ್ಲಿ ಮದರಾಸು ಐಐಟಿಯ ತಂಡ 150 ಕಿಲೋವಾಟ್‌ನ ಅಲೆ ವಿದ್ಯುತ್ ಘಟಕವನ್ನು ಶುರು ಮಾಡಿತ್ತು. ಕಾಂಕ್ರೀಟ್ ಕೋಣೆಯೊಳಗೆ ಅಲೆ ಏರಿದಾಗ ಗಾಳಿ ಹೊರಕ್ಕೆ ನುಗ್ಗುತ್ತದೆ, ಇಳಿದಾಗ ಒಳಕ್ಕೆ. ಗಾಳಿ ಯಾವ ಕಡೆ ಹೋದರೂ ಒಂದೇ ದಿಕ್ಕಿಗೆ ತಿರುಗುವ ಟರ್ಬೈನ್ ಅಲ್ಲಿತ್ತು. ಬೆಲ್‌ಫಾಸ್ಟಿನ ಅಲನ್ ವೆಲ್ಸ್ 1970ರ ದಶಕದಲ್ಲಿ ರೂಪಿಸಿದ ಈ ಟರ್ಬೈನ್‌ನ ಜಾಣ್ಮೆಗೆ ಮನಸೋಲದವರಿಲ್ಲ. ಅದರ ಬೆಲೆ ತೆರುವುದು ಬೇರಿಂಗ್. ದಿಕ್ಕು ಒಂದೇ ಆದರೂ, ಶಾಫ್ಟಿನ ಉದ್ದಕ್ಕೆ ಬೀಳುವ ತಳ್ಳು ಪ್ರತಿ ಅಲೆಗೂ ಹಿಂದುಮುಂದಾಗುತ್ತದೆ. ಹತ್ತು ಸೆಕೆಂಡಿಗೊಂದು ಅಲೆ ಎಂದು ಹಿಡಿದರೂ ದಿನಕ್ಕೆ 8,640 ಅಲೆ. ವೇಗವೂ ಹೆಚ್ಚು, ಬಿಸಿಯೂ ಹೆಚ್ಚು. ಇಂಥ ಶಾಫ್ಟಿಗೆ ಸಾಮಾನ್ಯವಾಗಿ ತೆರೆದ ಬೇರಿಂಗ್ ಹಾಕಿ, ಅದು ಕೂರುವ ಹೌಸಿಂಗ್‌ಗೆ ಸೀಲ್ ಕೊಟ್ಟು, ಹೊರಗಿನಿಂದ ಗ್ರೀಸ್ ಅಥವಾ ಎಣ್ಣೆ ಉಣಿಸುತ್ತಾರೆ. ಗಾಳಿ ಒಂದೇ, ಉಪ್ಪು ಒಂದೇ. ಆಯ್ಕೆಯನ್ನು ನಿರ್ಧರಿಸುವುದು ವೇಗ, ಬಿಸಿ, ಮತ್ತು ಗ್ರೀಸ್ ಉಣಿಸುವ ಕೈ ಅಲ್ಲಿಗೆ ತಲುಪುತ್ತದೆಯೇ ಎಂಬುದು.

ಅಂಗಡಿಯಲ್ಲಿ ಗುರುತಿಸುವುದು ಹೀಗೆ. ರಿಂಗಿನ ಮೇಲೆ, ಉದಾಹರಣೆಗೆ, 6205 ಎಂದಷ್ಟೇ ಇದ್ದರೆ ತೆರೆದದ್ದು, ಒಳವ್ಯಾಸ 25 ಮಿಲಿಮೀಟರ್. ಮುಂದೆ ಝಡ್‌ಝಡ್ ಎಂದಿದ್ದರೆ ಎರಡೂ ಬದಿ ತಗಡಿನ ಮುಚ್ಚಳ. ಧೂಳಿಗೆ ಸಾಕು, ನೀರಿಗೆ ಸಾಲದು. 2ಆರ್‌ಎಸ್ ಎಂದರೆ ರಿಂಗಿಗೆ ತಾಗಿ ಉಜ್ಜುವ ರಬ್ಬರ್ ಸೀಲ್. ಆ ಉಜ್ಜುವಿಕೆಯಿಂದ ವೇಗದ ಮಿತಿ ತೆರೆದದ್ದರ ಅರ್ಧದಷ್ಟಕ್ಕೆ ಇಳಿಯಬಹುದು. ಸಾಮಾನ್ಯ ಗ್ರೀಸಿನ ಆಯುಷ್ಯ 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ 15 ಡಿಗ್ರಿಗೆ ಅರ್ಧವಾಗುತ್ತದೆಂಬುದು ತಯಾರಕರು ಬಳಸುವ ಲೆಕ್ಕ.

ಮನೆಯ ಪಂಪು ನಿಮಿಷಕ್ಕೆ 2,900ರ ಆಸುಪಾಸು ತಿರುಗುತ್ತದೆ, ಚಿಕ್ಕ ಬೇರಿಂಗ್‌ಗೆ ಅದು ಹೆಚ್ಚಲ್ಲ. ಗ್ರೀಸ್ ಹೊಡೆಯುವವರೂ ಇಲ್ಲ. ಹಾಗಾಗಿ 2ಆರ್‌ಎಸ್ ಹಾಕಿಸಿ. ಅದನ್ನು ಸೀಮೆಎಣ್ಣೆಯಲ್ಲಿ ತೊಳೆಯಲು ಬಿಡಬೇಡಿ, ಒಳಗಿನ ಗ್ರೀಸ್ ಹೋಗಿಬಿಡುತ್ತದೆ. ಬೇರಿಂಗ್ ಹಾಕಿಸುವ ಮೊದಲು ಪಂಪಿನ ವಾಟರ್ ಸೀಲ್ ಸೋರುತ್ತಿದೆಯೇ ನೋಡಿಸಿ. ಸೋರಿಕೆ ನಿಲ್ಲಿಸದಿದ್ದರೆ ಯಾವ ಬೇರಿಂಗ್ ಹಾಕಿದರೂ ಬಹಳ ದಿನ ಬಾಳದು.