ಹೆಡ್‌ಲೈಟ್ ಇಲ್ಲದ ಯೆಜ್ಡಿ

ಹಳೆಯ ಯೆಜ್ಡಿ ಮೋಟರ್ ಸೈಕಲ್ ಓಡಿಸಿದವರಿಗೆ ಗೊತ್ತು, ಅದರ ಎಡಗಾಲಿನ ಬಳಿ ಇರುವ ಲಿವರ್ ಒಂದೇ, ಕೆಲಸ ಎರಡು. ಒಳಕ್ಕೆ ಒತ್ತಿ ಮೇಲಕ್ಕೆ ಎತ್ತಿದರೆ ಅದೇ ಕಿಕ್. ಗಾಡಿ ಶುರುವಾದ ಮೇಲೆ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್. ಬೇರೆ ಗಾಡಿ ಓಡಿಸಿ ರೂಢಿಯಾದವರು ಮೊದಲ ಸಲ ಹತ್ತಿದಾಗ ಬಲಗಡೆ ಬಗ್ಗಿ ಕಿಕ್ ಹುಡುಕುವುದನ್ನು ನೋಡಿ ನಗುವುದು ಯೆಜ್ಡಿ ಮಾಲೀಕರ ಹಳೆಯ ಚಟ. ಇನ್ನೊಂದು ಅನುಕೂಲವೂ ಇದೆ. ಗೇರ್ ಒತ್ತಿದಾಗ ಕ್ಲಚ್ ತಾನಾಗಿಯೇ ಬಿಡುತ್ತದೆ, ಕೈಯಿಂದ ಹಿಡಿಯಲೇಬೇಕೆಂದಿಲ್ಲ.

ರಾಜೇಶ್ವರದ ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ ಮಾರಾಟಕ್ಕೆ ನಿಂತಿರುವ ಯೆಜ್ಡಿಯ ಲಿವರ್ ಮಾತ್ರ ಹೊರಕ್ಕೆ ಬಾಗಿದೆ. ಎಂಬತ್ತರ ದಶಕದಲ್ಲಿ, ಹೈದರಾಬಾದಿನ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದಾಗ, ಮಣ್ಣಿನ ರೇಸಿನಲ್ಲಿ ಬಿದ್ದು ಬಾಗಿದ್ದು ಎನ್ನುತ್ತಾರೆ ಆ ಗ್ಯಾರೇಜಿನ ಉಸ್ತಾದ್. ಗ್ಯಾಸಿನಲ್ಲಿ ಕಾಯಿಸಿ ಬಡಿದರಂತೆ. ಅರ್ಧ ನೆಟ್ಟಗಾಯಿತು. ಅಷ್ಟರಲ್ಲಿ ಮುಂದಿನ ರೇಸ್ ಬಂತು. "ಹಂಗೇ ಓಡಿಸ್ದೆ ನೋಡ್ರಿ. ದಪ್ಪ ಬೂಟಿಗಿ ಬಾಗಿದ್ದೇ ಚಲೋ ಸಿಗ್ತದ ಅಂತ ಆವಾಗ ತಿಳೀತು. ಮತ್ತ್ಯಾಕ ನೆಟ್ಟಗ ಮಾಡ್ಬೇಕು?" ಕೊಳ್ಳಲು ಬಂದವರೆಲ್ಲ ಮೊದಲು ಬೆರಳಿಡುವುದು ಆ ಲಿವರಿನ ಮೇಲೆಯೇ. "ಇದು ಹೊಸದು ಹಾಕಿಸಿಕೊಡ್ತೀರಾ?" ಎಂದು ಕೇಳುತ್ತಾರೆ. ಉಸ್ತಾದರ ಮುಖ ಅಲ್ಲಿಗೇ ಗಂಟಾಗುತ್ತದೆ.

ರಾಜೇಶ್ವರ ಬಸವಕಲ್ಯಾಣ ತಾಲ್ಲೂಕಿನ ಊರು, ಹುಮನಾಬಾದಿನಿಂದ ಪಶ್ಚಿಮಕ್ಕೆ ಹೊರಟರೆ ಪುಣೆ–ಹೈದರಾಬಾದ್ ರಸ್ತೆಯಲ್ಲೇ ಸಿಗುತ್ತದೆ. ಈಗ ರಾಷ್ಟ್ರೀಯ ಹೆದ್ದಾರಿ 65. ಹಳಬರ ಬಾಯಲ್ಲಿ ಇನ್ನೂ ಹಳೆಯ ಸಂಖ್ಯೆಯ 'ನೌ ನಂಬರ್ ರೋಡ್'. ಹೈದರಾಬಾದೂ ಸೊಲ್ಲಾಪುರವೂ ಇಲ್ಲಿಂದ ಹೆಚ್ಚುಕಡಿಮೆ ಅಷ್ಟಷ್ಟೇ ದೂರ. ಸ್ವಲ್ಪ ಮುಂದೆ ಸಸ್ತಾಪುರ ಬಂಗ್ಲಾ, ಲಾರಿ ಬಾಡಿ ಕಟ್ಟುವವರ, ವೆಲ್ಡಿಂಗಿನವರ, ಟೈರಿನವರ ಲೋಕ. ಲಾರಿ ಬಿಚ್ಚಿ ಕಟ್ಟುವುದು ಇಲ್ಲಿ ನಿತ್ಯದ ಮಾತು. ಮೋಟರ್ ಸೈಕಲ್ಲನ್ನು ರೇಸಿಗೆ ಬಿಚ್ಚಿದವರು ಮಾತ್ರ ಈ ಉಸ್ತಾದರೊಬ್ಬರೇ ಕಂಡರು.

ರೇಸಿನ ಗಾಡಿ ತಯಾರಾಗುವುದು ಸೇರಿಸುವುದರಿಂದಲ್ಲ, ಕಳೆಯುವುದರಿಂದ. ಹೆಡ್‌ಲೈಟ್, ಹಾರ್ನ್, ಬ್ಯಾಟರಿ, ಮೀಟರ್, ಸೈಡ್ ಸ್ಟ್ಯಾಂಡ್, ಕೊನೆಗೆ ನಂಬರ್ ಪ್ಲೇಟ್, ಒಂದೊಂದಾಗಿ ಹೋಗುತ್ತವೆ. ಕೆಸರು ಸಿಕ್ಕಿಕೊಳ್ಳದಿರಲೆಂದು ಮಡ್‌ಗಾರ್ಡ್ ಮೇಲಕ್ಕೇರುತ್ತದೆ. ಗಡ್ಡೆ ಟೈರ್ ಬರುತ್ತದೆ. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ಹೆಚ್ಚುತ್ತವೆ. ಓಟದ ವೇಗ ಕಡಿಮೆಯಾದರೂ ಎಳೆತ ಬರುತ್ತದೆ, ಗರಸು ಮಣ್ಣಿನ ದಿಬ್ಬಕ್ಕೆ ಬೇಕಾದದ್ದು ಅದೇ. ಹೆಡ್ ಕೆಳಭಾಗವನ್ನು ಲೇತಿನಲ್ಲಿ ತೆಳುವಾಗಿ ತೆಗೆದರೆ ಕಂಪ್ರೆಷನ್ ಏರುತ್ತದೆ. ಸಿಲಿಂಡರಿನ ಪೋರ್ಟುಗಳನ್ನು ಅರದಿಂದ ಉಜ್ಜುವುದು ಕೊನೆಯ ಕೆಲಸ. ಅದನ್ನು ಉಸ್ತಾದ್ ವಿವರಿಸಲಿಲ್ಲ. ಕೈ ಮಾಡಿ ತೋರಿಸಿದರು, ಅಷ್ಟೆ. ಎಷ್ಟು ಉಜ್ಜಬೇಕು ಎಂದರೆ, "ಪ್ಲಗ್ ಬಿಚ್ಚಿ ನೋಡ್ರಿ, ಅದೇ ಹೇಳ್ತದ" ಎಂದರು. ಬಿಳಿಚಿದರೆ ಪೆಟ್ರೋಲ್ ಸಾಲದು, ಕರ್ರಗೆ ಒದ್ದೆಯಾದರೆ ಹೆಚ್ಚಾಯಿತು, ಚಹಾದ ಬಣ್ಣವಿದ್ದರೆ ಸರಿ.

ಯೆಜ್ಡಿಯ ಮೂಲ ಮೈಸೂರು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ 1960ರಲ್ಲಿ ಕಟ್ಟಿದ ಐಡಿಯಲ್ ಜಾವಾ ಕಂಪನಿ, ಯಾದವಗಿರಿಯ ಕಾರ್ಖಾನೆ, ಜಯಚಾಮರಾಜ ಒಡೆಯರ್ ಕೈಯಿಂದ ಉದ್ಘಾಟನೆ. ಮೊದಲು ಚೆಕೊಸ್ಲೊವಾಕಿಯಾದ ಜಾವಾ, 1973ರಿಂದ ಯೆಜ್ಡಿ, 1978ರಲ್ಲಿ ಅದರ ರೋಡ್‌ಕಿಂಗ್ ಮಾದರಿ, 1996ರಲ್ಲಿ ಬೀಗ. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ಗೊತ್ತಿಲ್ಲದ್ದು ಇದರ ಸೋದರನ ಕಥೆ. ಜಾವಾದ ಜೊತೆಗಾರ ಸಂಸ್ಥೆ ಸಿಝಡ್ ಅರವತ್ತರ ದಶಕದಲ್ಲಿ ಯೂರೋಪಿನ ಮೋಟೊಕ್ರಾಸ್, ಅಂದರೆ ಮಣ್ಣಿನ ರೇಸಿನ, ಅಂಗಳವನ್ನು ಆಳಿತು. ಬೆಲ್ಜಿಯಂನ ಜೋಯಲ್ ರಾಬರ್ಟ್ 1964ರಲ್ಲಿ ಇಪ್ಪತ್ತರ ಹರೆಯದಲ್ಲಿ 250 ಸಿಸಿ ವಿಶ್ವಪ್ರಶಸ್ತಿ ಗೆದ್ದದ್ದು ಸಿಝಡ್ ಮೇಲೆ. 1968, 69ರಲ್ಲೂ ಅದೇ. ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ 1966ರಿಂದ ಮೂರು ವರ್ಷ 500 ಸಿಸಿ ಪ್ರಶಸ್ತಿಯನ್ನು ಬೇರೆಯವರಿಗೆ ಬಿಡಲಿಲ್ಲ. ಆ ಕುಲದ ಗಾಡಿಯಲ್ಲಿ ನಮ್ಮವರು ಹಾಲಿನ ಕ್ಯಾನು ಹೊತ್ತರು, ಮದುವೆಯ ವರದಕ್ಷಿಣೆಯ ಪಟ್ಟಿಗೆ ಅದನ್ನು ಸೇರಿಸಿದರು.

ಆ ಕಾಲದ ದೊಡ್ಡ ಗುಟ್ಟು ಇದ್ದದ್ದು ಸೈಲೆನ್ಸರಿನಲ್ಲಿ. ಯೆಜ್ಡಿಯಂಥ ಟೂ ಸ್ಟ್ರೋಕ್ ಎಂಜಿನ್ನಿಗೆ ವಾಲ್ವ್ ಇಲ್ಲ. ಹೊಗೆ ಹೊರಹೋಗುವಾಗ ಹೊಸ ಪೆಟ್ರೋಲ್ ಗಾಳಿಯೂ ಸ್ವಲ್ಪ ಅದರ ಹಿಂದೆಯೇ ಸೋರಿಹೋಗುತ್ತದೆ. ಸೈಲೆನ್ಸರನ್ನು ನಡುವೆ ಉಬ್ಬಿಸಿ ತುದಿಯಲ್ಲಿ ಕಿರಿದು ಮಾಡಿದರೆ ಒತ್ತಡದ ಅಲೆ ಅಲ್ಲಿಗೆ ಬಡಿದು ಮರಳಿ, ಸೋರಿದ್ದನ್ನು ಸರಿಯಾದ ಹೊತ್ತಿಗೆ ಸಿಲಿಂಡರಿಗೆ ಹಿಂದೆ ತಳ್ಳುತ್ತದೆ. ಇದನ್ನು ಪಳಗಿಸಿದವರು ಪೂರ್ವ ಜರ್ಮನಿಯ ಎಂಝಡ್ ಕಾರ್ಖಾನೆಯ ವಾಲ್ಟರ್ ಕಾಡೆನ್. ಅವರ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ಗಡಿ ದಾಟಿ ಸುಝುಕಿ ಸೇರಿದ್ದು ಆ ಜ್ಞಾನವನ್ನೂ ಹೊತ್ತುಕೊಂಡೇ. ರಾಜೇಶ್ವರದ ಗಾಡಿಯಲ್ಲಿರುವುದು ಅದೇ ಜಾತಿಯ ಸೈಲೆನ್ಸರ್. ತಗಡನ್ನು ಶಂಕುವಾಗಿ ಸುತ್ತಿ ವೆಲ್ಡ್ ಮಾಡಿದ್ದು, ಬೆಸುಗೆಯ ಗೆರೆಗಳೆಲ್ಲ ಎದ್ದು ಕಾಣುತ್ತವೆ. ಕಾಡೆನ್ ಹೆಸರು ಉಸ್ತಾದ್ ಕೇಳಿಲ್ಲ. ಅಳತೆ ಕೊಟ್ಟದ್ದು ತಮ್ಮ ಹೈದರಾಬಾದಿನ ಗುರು ಎನ್ನುತ್ತಾರೆ. ಕಾಗದದ ಮೇಲೂ ಅಲ್ಲ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ.

ಇಂಥ ಕೈಗಳು ನಮ್ಮಲ್ಲಿ ಕಡಿಮೆಯೇನೂ ಇರಲಿಲ್ಲ. ಮೈಸೂರಿನ ಸೊಮೇಂದರ್ ಸಿಂಗ್ ಎಂಜಿನ್ ಹೆಡ್ಡಿನಲ್ಲಿ ಗೀರು ಕೊರೆದು ಪೆಟ್ರೋಲ್ ಇನ್ನಷ್ಟು ಚೆನ್ನಾಗಿ ಉರಿಯುತ್ತದೆ ಎಂದು ವಾದಿಸಿ, 2001ರಲ್ಲಿ ಅಮೆರಿಕದ ಪೇಟೆಂಟನ್ನೇ ಪಡೆದರು. ಇಂದು ಮೋಟೊಕ್ರಾಸ್ ಎಂದರೆ ಉಡುಪಿಯ ಕೆ.ಪಿ. ಅರವಿಂದ್ ಮತ್ತು 2015ರಲ್ಲಿ ಡಕಾರ್ ರ್ಯಾಲಿ ಮುಗಿಸಿದ ಮೊದಲ ಭಾರತೀಯರಾದ ಬೆಂಗಳೂರಿನ ಸಿ.ಎಸ್. ಸಂತೋಷ್ ನೆನಪಾಗುತ್ತಾರೆ. ಅವರಿಗೂ ಹಿಂದಿನ ತಲೆಮಾರಿನಲ್ಲಿ ಅರ ಹಿಡಿದು ಕೂತವರ ಹೆಸರು ಯಾವ ಫಲಕದಲ್ಲೂ ಇಲ್ಲ. ಅವರ ಗಾಡಿಗಳೂ ಉಳಿದಿಲ್ಲ.

ಉಳಿದ ಒಂದನ್ನು ಮಾರುವುದು ಏಕೆ ಇಷ್ಟು ಕಷ್ಟ? ಹಳೆಯ ಯೆಜ್ಡಿಗೆ ಗಿರಾಕಿಗಳಿಲ್ಲವೆಂದಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಜಾವಾ–ಯೆಜ್ಡಿ ದಿನ ಆಚರಿಸುವವರ ಸಾಲು ನೋಡಿದರೆ ಗೊತ್ತಾಗುತ್ತದೆ. ಆದರೆ ಆ ಸಾಲಿನಲ್ಲಿ ಬೆಲೆ ಬರುವುದು ಶೋರೂಮಿನಿಂದ ಇಳಿದಂತಿರುವ ಗಾಡಿಗೆ. ಮೂಲ ಬಣ್ಣ, ಮೂಲ ಟ್ಯಾಂಕ್, ಹೊಳೆಯುವ ಜೋಡಿ ಸೈಲೆನ್ಸರ್. ಸರಕಾರದ ಲೆಕ್ಕವೂ ಹಾಗೆಯೇ. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಎನ್ನಿಸಿಕೊಳ್ಳಲು 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಮೊದಲ ರೋಡ್‌ಕಿಂಗಿಗೇ ಆ ವಯಸ್ಸು ಬರುವುದು 2028ಕ್ಕೆ. ಬಂದರೂ, ರೇಸಿಗಾಗಿ ಕೊಯ್ದು ಬೆಸೆದ ಗಾಡಿ ಆ ಮಾತಿನೊಳಗೆ ಹಿಡಿಸುವುದಿಲ್ಲ. ಬದಲಾಗಿರುವುದೇ ಅದರ ಚರಿತ್ರೆ ಎಂದು ಯಾವ ಅರ್ಜಿಯಲ್ಲಿ ಬರೆಯುವುದು? ಗಾಡಿಯ ಆರ್‌ಸಿಯೂ ಅಂದಿನ ಆಂಧ್ರಪ್ರದೇಶದ್ದು, ತೀರಿಹೋದ ಯಾರದೋ ಹೆಸರಿನಲ್ಲಿದೆ.

ಹಾಗಾಗಿ ಬರುವ ಗಿರಾಕಿಗಳು ಮೂರು ಬಗೆ. ಎಂಜಿನ್ ಮಾತ್ರ ಕೇಳುವವರು, ಗುಜರಿ ತೂಕದಲ್ಲಿ ಕೇಳುವವರು, ಮತ್ತು 'ರೀಸ್ಟೋರ್' ಮಾಡುತ್ತೇವೆ ಎನ್ನುವವರು. ಕೊನೆಯವರು ದುಡ್ಡಿಗೆ ಹಿಂದೆಮುಂದೆ ನೋಡುವುದಿಲ್ಲ. ನನಗೆ ಭಯ ಅವರದೇ. ಅವರು ಕೊಂಡ ಮರುವಾರವೇ ಆ ತಗಡಿನ ಸೈಲೆನ್ಸರ್ ಕಸಕ್ಕೆ ಹೋಗುತ್ತದೆ, ಲಿವರ್ ಹೊಸದಾಗುತ್ತದೆ. ಹಳೆಯ ಮೋಟರ್ ಸೈಕಲ್ ಸಂಗ್ರಹಿಸುವ ಶ್ರೀಮಂತರಲ್ಲಿ ಯಾರಾದರೂ ಒಬ್ಬರು ಇದನ್ನು ಹೀಗೆಯೇ, ತುಕ್ಕು ಬೆಸುಗೆಗಳ ಸಮೇತ ನಿಲ್ಲಿಸಬಾರದೇ?

ಪುಣೆಯ ಕಡೆಯವರೊಬ್ಬರು ಈಚೆಗೆ ಫೋನಿನಲ್ಲಿ ಒಳ್ಳೆಯ ಬೆಲೆ ಹೇಳಿದ್ದಾರೆ. ಒರಿಜಿನಲ್ ಹೆಡ್‌ಲೈಟ್, ಮೀಟರ್, ಜೋಡಿ ಸೈಲೆನ್ಸರ್ ಸಿಕ್ಕರೆ ಇನ್ನೂ ಹೆಚ್ಚು ಕೊಡುತ್ತಾರಂತೆ. ಅವೆಲ್ಲ ಇಲ್ಲೇ ಇವೆ, ಆಗ ಬಿಚ್ಚಿದವು, ಎಣ್ಣೆ ಬಟ್ಟೆ ಸುತ್ತಿ ಗೋಣಿಚೀಲದಲ್ಲಿ ಅಟ್ಟದ ಮೇಲೆ. ಅಂಗಡಿಯ ಹುಡುಗ ಬಾಯಿ ತಪ್ಪಿ ಹೇಳಿಬಿಟ್ಟ, "ಚಾಚಾ, ಅವು ಮ್ಯಾಲ ಅವಲ್ಲಾ?" ಉಸ್ತಾದ್ ಅವನನ್ನು ಚಹಾ ತರಲು ಕಳಿಸಿದರು. ಆಮೇಲೆ ನನಗೆ ಹೇಳಿದರು: "ಪುಣೆಯವರಿಗಿ ಇಲ್ಲ ಅಂತ ಹೇಳೀನ್ರಿ. ಕೊಟ್ರ ಮತ್ತ ಹಾಲಿನ ಗಾಡಿ ಮಾಡ್ತಾರ."