ಕೆಳರೆಪ್ಪೆಯ ಬಿಳುಪು

ಸೊಲ್ಲಾಪುರದ ಕಡೆಯ ರೈಲು ಹೋದ ಮೇಲೆ ಇಂಡಿ ತಾಲ್ಲೂಕಿನ ಲಚ್ಯಾಣ ಮತ್ತೆ ಸುಮ್ಮನಾಗುತ್ತದೆ. ಸಿದ್ಧಲಿಂಗ ಮಹಾರಾಜರ ಮಠದ ಕಡೆ ಕೆಲವರು, ಲಿಂಬಿ ತೋಟದ ಕಡೆ ಕೆಲವರು ನಡೆದಿದ್ದಾರೆ. ಅಂಗನವಾಡಿಯಲ್ಲಿ ಚಾಪೆ ಹಾಸಿದೆ. ಬಸಿರಿಯರು, ಬಾಣಂತಿಯರು, ಮೊಮ್ಮಕ್ಕಳನ್ನು ಎತ್ತಿಕೊಂಡು ಬಂದ ಮುದುಕಿಯರು ಗೋಡೆಗೆ ಆತು ಕೂತಿದ್ದಾರೆ.

ತಪಾಸಣೆಗೆ ಬಂದ ಸಿಸ್ಟರ್ ಮೊದಲು ಸೂಜಿ ತೆಗೆಯುವುದಿಲ್ಲ. ಎದುರು ಕೂತ ಹುಡುಗಿಯ ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಜಗ್ಗುತ್ತಾರೆ. ಕೆಂಪಗಿರಬೇಕಾದ ಒಳಮೈ ಹಲವು ಸಲ ಒಗೆದ ಬಟ್ಟೆಯಂತೆ ಬೆಳ್ಳಗಾಗಿದೆ. ಆಮೇಲೆ ನಾಲಿಗೆ, ಅಂಗೈ, ಉಗುರು. ಉಗುರು ನಡುವೆ ತಗ್ಗಿ ಚಮಚದ ಹಾಗಾಗಿದ್ದರೆ ಕಬ್ಬಿಣಾಂಶದ ಕೊರತೆ ಬಹಳ ದಿನದ್ದು.

“ಮಣ್ಣ ತಿನಬೇಕ ಅನಸ್ತೈತೇನ ತಂಗಿ?”

ಹುಡುಗಿ ತಲೆ ತಗ್ಗಿಸುತ್ತಾಳೆ. ಅದು ಚಪಲವಲ್ಲ, ರಕ್ತ ಕಡಿಮೆಯಾದ ಮೈಯ ಲಕ್ಷಣ. ಬೆರಳ ತುದಿಯಿಂದ ಒಂದು ಹನಿ ತೆಗೆದರೆ ಹಿಮೋಗ್ಲೋಬಿನ್ 8.4. ಬಸಿರಿಗೆ 11 ಗ್ರಾಂ ಇರಬೇಕು. 7ಕ್ಕಿಂತ ಇಳಿದರೆ ಆಸ್ಪತ್ರೆಗೇ ಹೋಗಬೇಕು.

“ಗುಳಿಗಿ ತಗೊಳ್ಳಾಕತ್ತೀಯಿಲ್ಲೊ?”

“ಬಿಟ್ಟೀನ್ರಿ ಅಕ್ಕಾರ. ಸಂಡಾಸ ಕರ್ರಗ ಆಗ್ತೈತ್ರಿ, ಅಂಜಿಕಿ ಬಂತು.”

“ಕಬ್ಬಿಣದ ಗುಳಿಗಿ, ಕರ್ರಗ ಆಗೂದ. ಅಂಜಬ್ಯಾಡ. ಚಹಾದ ಸಂಗಾಟ ಮಾತ್ರ ತಗೋಬ್ಯಾಡ. ಲಿಂಬಿಹಣ್ಣ ಹಿಂಡಿದ ನೀರ ಕುಡಿ.”

ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ, ಲಿಂಬೆಯ ಹುಳಿ ಹತ್ತಿಸುತ್ತದೆ. ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಇಂಡಿ ಲಿಂಬೆ ಚೀಲಗಟ್ಟಲೆ ಹೊರಗೆ ಹೋಗುವ ಸೀಮೆಯಿದು. ಅದರಲ್ಲಿ ಒಂದು ಹಣ್ಣು ಈ ಹುಡುಗಿಯ ಪಲ್ಯದ ಮೇಲೆ ಬೀಳಬೇಕು ಎಂಬುದೇ ನನ್ನ ಆಸೆ.

ಊರಲ್ಲಿ ಎಲ್ಲದಕ್ಕೂ ಒಂದೇ ಮಾತು: ‘ರಗತ ಕಡಿಮಿ ಐತಿ.’ ಆದರೆ ಕಡಿಮೆಯಾಗುವ ದಾರಿಗಳು ಬೇರೆ ಬೇರೆ. ಕಬ್ಬಿಣ ಸಾಲದಿದ್ದರೆ ಕೆಂಪು ರಕ್ತಕಣ ಸಣ್ಣದಾಗಿ ಬಿಳುಚುತ್ತದೆ. ಬಿ12 ಅಥವಾ ಫೋಲಿಕ್ ಆಮ್ಲ ಸಾಲದಿದ್ದರೆ ಅದೇ ಕಣ ಉಬ್ಬಿ ದೊಡ್ಡದಾಗುತ್ತದೆ. ಈ ಎರಡನೆಯ ಬಗೆಯಲ್ಲಿ ಫೋಲಿಕ್ ಆಮ್ಲದ ಗಂಟನ್ನು ಬಿಡಿಸಲು ದಾರಿ ತೋರಿದ್ದು ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ. 1928ರಲ್ಲಿ ಮುಂಬೈಗೆ ಬಂದ ಆಕೆ, ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದ ಬಡ ಬಸಿರಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ಗುಣವಾಗುವುದನ್ನು ಕಂಡರು. ಆ ಸಾರದಲ್ಲಿದ್ದದ್ದು ಫೋಲಿಕ್ ಆಮ್ಲದ ಅಂಶವೆಂದು ಮುಂದೆ ಗೊತ್ತಾಯಿತು.

ಮೂಲೆಯಲ್ಲಿ ಕೂತ ಅಜ್ಜಿಯ ಸರದಿ ಬಂತು. ನಾಲಿಗೆ ನುಣ್ಣಗೆ ಕೆಂಪಾಗಿ ಉರಿಯುತ್ತಿದೆ. “ಕಾಲಾಗ ಇರಿವಿ ಹರದಂಗ ಆಗ್ತೈತವ್ವಾ.” ಸಿಸ್ಟರ್ ಕೈ ಅಲ್ಲಿಗೇ ನಿಲ್ಲುತ್ತದೆ. ಮಾಂಸ, ಮೊಟ್ಟೆ ಮುಟ್ಟದವಳು, ಹಾಲು ಮೊಸರೂ ಅಷ್ಟಕ್ಕಷ್ಟೆ. ಇದು ಬಿ12 ಕೊರತೆ ಇರಬಹುದು. ಇಲ್ಲಿ ಬರೀ ಫೋಲಿಕ್ ಗುಳಿಗೆ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರಗಳು ಒಳಗೊಳಗೇ ಕೆಡುತ್ತವೆ. ಕಾಲಿನ ಜೋಮು ಕೇಳಿಸಿಕೊಳ್ಳುವ ಸಿಸ್ಟರ್ ಒಬ್ಬರಿದ್ದರೆ ಅಜ್ಜಿಯ ನಡಿಗೆ ಉಳಿಯುತ್ತದೆ. ಆಕೆಗೆ ದೊಡ್ಡಾಸ್ಪತ್ರೆಯಲ್ಲಿ ರಕ್ತ ಪರೀಕ್ಷೆಗೆ ಚೀಟಿ ಬರೆದದ್ದಾಯಿತು.

ಗುಳಿಗೆ ತಿಂದರೂ ಏರದ, ಮೇಲಿಂದ ಮೇಲೆ ಬಿಳುಚುವ ಕೂಸಿದ್ದರೆ ಥಲಸ್ಸೀಮಿಯಾ, ಕುಡಗೋಲು ಕಣದ ರೋಗವನ್ನೂ ನೆನೆಯಬೇಕು. ಅವು ತಂದೆತಾಯಿಯಿಂದ ಬರುವಂಥವು. ಊಟ ಹೆಚ್ಚಿಸಿದರೆ ಹೋಗುವುದಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019–21) ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಹಿಂದಿನ ಸುತ್ತಿನಲ್ಲಿ ಇದು ಶೇ 44.8 ಇತ್ತು. ಜೋಳದ ರೊಟ್ಟಿ, ಪುಂಡಿಪಲ್ಯ, ಅಗಸಿ ಚಟ್ನಿ ಇರುವ ಮನೆಗಳಲ್ಲೂ ಬಡಿಸುವವಳು ಕಡೆಗೆ ಕೂರುತ್ತಾಳೆ, ಉಳಿದದ್ದನ್ನು ಉಣ್ಣುತ್ತಾಳೆ. ನನಗೆ ಸಿಟ್ಟು ಬರುವುದು ಇಲ್ಲೇ.

ಹುಡುಗಿ ಕೆಂಪು ಗುಳಿಗೆಯ ಪಟ್ಟಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಎದ್ದಳು. ಬಸಿರಲ್ಲಿ 180 ದಿನ, ಹೆತ್ತ ಮೇಲೆ ಮತ್ತೆ 180 ದಿನ ತಗೊಳ್ಳಬೇಕು. ನಿಮ್ಮ ಮನೆಯಲ್ಲೂ ಬಸಿರಿ ಇದ್ದರೆ ತಾಯಿ ಕಾರ್ಡ್ ತೆಗೆದು ನೋಡಿ. ಹಿಮೋಗ್ಲೋಬಿನ್ ಬರೆಯುವ ಜಾಗ ಖಾಲಿ ಇದ್ದರೆ ಈ ವಾರವೇ ಕರೆದುಕೊಂಡು ಹೋಗಿ ಬರೆಸಿ.