ಆರಡಿ ಹತ್ತಿಂಚಿನ ತರ್ಜಿನಿ

2022ರ ಸೆಪ್ಟೆಂಬರ್ 11, ಭಾನುವಾರ. ಶ್ರೀಲಂಕಾದ ಕ್ರಿಕೆಟಿಗರು ದುಬೈನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಏಷ್ಯಾ ಕಪ್ ಗೆದ್ದದ್ದು ನಮ್ಮಲ್ಲಿ ಬಹಳ ಜನಕ್ಕೆ ನೆನಪಿದೆ. ಅದೇ ದಿನ ಸಿಂಗಪುರದಲ್ಲಿ ಶ್ರೀಲಂಕಾದ ಹೆಣ್ಣುಮಕ್ಕಳೂ ಏಷ್ಯಾ ಚಾಂಪಿಯನ್ನರಾದರು. ಆಟ ನೆಟ್‌ಬಾಲ್, ಫೈನಲ್‌ನಲ್ಲಿ ಆತಿಥೇಯ ಸಿಂಗಪುರವನ್ನು 63–53ರಿಂದ ಮಣಿಸಿದ್ದರು. ಆ ವರ್ಷದ ಆರ್ಥಿಕ ಬಿಕ್ಕಟ್ಟಿನಲ್ಲಿ ಪೆಟ್ರೋಲಿಗೆ ದಿನಗಟ್ಟಲೆ ಸಾಲು ನಿಂತು, ಕರೆಂಟಿಲ್ಲದೆ ರಾತ್ರಿ ಕಳೆದು ಸೋತಿದ್ದ ಜನ, ಆ ವಾರ ಕೊಲಂಬೊದ ಬೀದಿಗಳಲ್ಲಿ ಎರಡೂ ತಂಡಗಳನ್ನು ಮೆರವಣಿಗೆಯಲ್ಲಿ ಬರಮಾಡಿಕೊಂಡರು. ನೆಟ್‌ಬಾಲ್ ತಂಡದಲ್ಲಿ 43 ವರ್ಷದ ಒಬ್ಬಾಕೆ ಇದ್ದರು. ಎತ್ತರ ಆರಡಿ ಹತ್ತಿಂಚು, ಅಂದರೆ 208 ಸೆಂಟಿಮೀಟರ್. ಹೆಸರು ತರ್ಜಿನಿ ಶಿವಲಿಂಗಂ.

ನೆಟ್‌ಬಾಲ್ ನಮ್ಮ ಕಡೆ ಅಷ್ಟಾಗಿ ಬಳಕೆಯಲ್ಲಿಲ್ಲ. ಶಾಲೆಯಲ್ಲಿ ಥ್ರೋಬಾಲ್, ಕೊಕ್ಕೊ ಆಡಿ ಬೆಳೆದ ನಮಗೆ ಇದು ಬ್ಯಾಸ್ಕೆಟ್‌ಬಾಲಿನ ತಂಗಿಯಂತೆ ಕಾಣುತ್ತದೆ. ಆದರೆ ಇದರ ನಡೆ ಬೇರೆ. ತಂಡಕ್ಕೆ ಏಳು ಜನ. ಚೆಂಡನ್ನು ನೆಲಕ್ಕೆ ಬಡಿಯುತ್ತ ಓಡುವ ಹಾಗಿಲ್ಲ. ಕೈಗೆ ಬಂದ ಚೆಂಡನ್ನು ಮೂರು ಸೆಕೆಂಡಿನೊಳಗೆ ಬಿಟ್ಟುಕೊಡಬೇಕು. ಯಾರು ಅಂಕಣದ ಯಾವ ಭಾಗದಲ್ಲಿ ಓಡಾಡಬಹುದು ಎಂಬುದು ಎದೆಯ ಮೇಲಿನ ಅಕ್ಷರದಲ್ಲೇ ಬರೆದಿರುತ್ತದೆ. ಗೋಲು ಹಾಕುವ ಹಕ್ಕು ಇಬ್ಬರಿಗೆ ಮಾತ್ರ: ಗೋಲ್ ಶೂಟರ್ ಮತ್ತು ಗೋಲ್ ಅಟ್ಯಾಕ್. ಅದೂ 4.9 ಮೀಟರ್ ತ್ರಿಜ್ಯದ ಅರ್ಧವೃತ್ತದೊಳಗೆ ನಿಂತು.

ಕಂಬದ ಎತ್ತರ 3.05 ಮೀಟರ್. ತುದಿಯಲ್ಲಿ 38 ಸೆಂಟಿಮೀಟರ್ ಅಗಲದ ಬಳೆ. ಹಿಂದೆ ಹಲಗೆ ಇಲ್ಲ. ತಗುಲಿ ಒಳಗೆ ಬೀಳಲಿ ಎಂಬ ಆಸೆಗೆ ಜಾಗವೇ ಇಲ್ಲ. ಕಾವಲಿಗೆ ನಿಂತವಳು ಚೆಂಡು ಹಿಡಿದವಳಿಂದ 90 ಸೆಂಟಿಮೀಟರ್ ದೂರ ಸರಿದು, ಅಲ್ಲಿಂದಲೇ ಕೈಚಾಚಿ ತಡೆಯಬೇಕು.

ಈ ನಿಯಮಗಳ ನಡುವೆ ತರ್ಜಿನಿ ಗೋಲ್ ಶೂಟರ್ ಆಗಿ ನಿಂತರೆ ಏನಾಗುತ್ತದೆ ಎಂಬುದನ್ನು ಪಂದ್ಯದ ವಿಡಿಯೊಗಳಲ್ಲೇ ನೋಡಬೇಕು. ಸಹ ಆಟಗಾರ್ತಿ ದೂರದಿಂದ ಚೆಂಡನ್ನು ಎತ್ತರಕ್ಕೆ ತೂರುತ್ತಾಳೆ. ಎದುರಾಳಿಗಳಲ್ಲಿ ಒಬ್ಬಳು ಮುಂದೆ, ಒಬ್ಬಳು ಹಿಂದೆ ನಿಂತು ಜಿಗಿಯುತ್ತಾರೆ. ತರ್ಜಿನಿ ಹೆಚ್ಚಾಗಿ ಜಿಗಿಯುವುದೇ ಇಲ್ಲ. ಕೈ ಎತ್ತುತ್ತಾರೆ, ಚೆಂಡು ಅಂಗೈಗೆ ಬರುತ್ತದೆ. ಅದನ್ನು ಕೆಳಗಿಳಿಸದೆ, ತಲೆಯ ಮೇಲೆಯೇ ಇಟ್ಟುಕೊಂಡು ತಿರುಗಿ ಬಳೆಯತ್ತ ನೋಡುತ್ತಾರೆ. ಎದುರಾಳಿಯ ಚಾಚಿದ ಬೆರಳು ಆ ಮಟ್ಟವನ್ನು ಮುಟ್ಟದು. ಮಣಿಕಟ್ಟು ಸ್ವಲ್ಪವೇ ಬಾಗುತ್ತದೆ. ಗೋಲು.

ಎತ್ತರವಿದ್ದರೆ ಯಾರು ಬೇಕಾದರೂ ಹಾಕುತ್ತಾರೆ ಎನ್ನುವವರಿದ್ದಾರೆ. ಆ ಮಾತು ಸರಿಯಲ್ಲ. ಎತ್ತರ ಚೆಂಡನ್ನು ಕೈಗೆ ತಂದುಕೊಡುತ್ತದೆ, ಅಷ್ಟೇ. ಇಬ್ಬರು ಮೈಗೆ ಒತ್ತಿ ನಿಂತಾಗ ನಿಂತ ನೆಲ ಬಿಡದಿರುವುದು, ಮೂರು ಸೆಕೆಂಡಿನಲ್ಲಿ ಪಾದ ಸರಿಮಾಡಿಕೊಳ್ಳುವುದು, ಪಂದ್ಯದ ಅರವತ್ತು ನಿಮಿಷವೂ ಕೈ ನಡುಗದಿರುವುದು ಅಭ್ಯಾಸದಿಂದ ಬರಬೇಕು. 2019ರಲ್ಲಿ ಲಿವರ್‌ಪೂಲ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ಅವರು 348 ಗೋಲು ಹಾಕಿ ಇಡೀ ಕೂಟಕ್ಕೇ ಮೊದಲಿಗರಾದರು. ಸಿಂಗಪುರದ ವಿರುದ್ಧ ಶ್ರೀಲಂಕಾ 88–50ರಿಂದ ಗೆದ್ದಾಗ ಆ 88ರಲ್ಲಿ 76 ಅವರೊಬ್ಬರದೇ. ಆದರೂ 16 ತಂಡಗಳ ಕೂಟದಲ್ಲಿ ಶ್ರೀಲಂಕಾ 15ನೆಯ ಸ್ಥಾನಕ್ಕೆ ನಿಂತಿತು. ಅತಿ ಹೆಚ್ಚು ಗೋಲು ಹಾಕಿದವಳು ಕಡೆಯಿಂದ ಎರಡನೆಯ ತಂಡದಲ್ಲಿದ್ದಳು ಎಂಬುದರಲ್ಲೇ ಆಕೆಯ ಹೆಗಲ ಮೇಲಿದ್ದ ಭಾರ ಎಷ್ಟೆಂದು ತಿಳಿಯುತ್ತದೆ.

ಯಾಳ್ಪಾಣದ ಹುಡುಗಿ

ತರ್ಜಿನಿ ಹುಟ್ಟಿದ್ದು 1979ರಲ್ಲಿ, ತಮಿಳರು ಯಾಳ್ಪಾಣ ಎನ್ನುವ ಜಾಫ್ನಾ ಜಿಲ್ಲೆಯ ಪುನ್ನಾಲೈಕಟ್ಟುವನ್ ಬಳಿಯ ಈವಿನೈ ಎಂಬ ಹಳ್ಳಿಯಲ್ಲಿ. ಅವರಿಗೆ ನಾಲ್ಕು ವರ್ಷವಿದ್ದಾಗ ಅಂತರ್ಯುದ್ಧ ಶುರುವಾಯಿತು. 1995ರಲ್ಲಿ ಸೇನೆ ಜಾಫ್ನಾಕ್ಕೆ ನುಗ್ಗಿದಾಗ ಆ ಸೀಮೆಯ ಲಕ್ಷಾಂತರ ಜನ ಮನೆಗೆ ಬೀಗ ಹಾಕಿ ಹೊರಟರು. ಅಂಥ ನೆಲದಲ್ಲಿ ಬೆಳೆಯುವ ಹುಡುಗಿಗೆ ಎಲ್ಲರ ತಲೆಗಿಂತ ಮೇಲೆ ಕಾಣುವುದೇ ಒಂದು ಕಷ್ಟ. ಶಾಲೆಯಲ್ಲಿ ತನ್ನನ್ನು ಹೇಗೆ ಗೇಲಿ ಮಾಡುತ್ತಿದ್ದರು ಎಂಬುದನ್ನು ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಬ್ಯಾಟಿಕಲೋವಾದ ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಓದಿ, ಮುಂದೆ ಕೊಲಂಬೊದ ಸೆಲಾನ್ ಬ್ಯಾಂಕಿನ ತಂಡಕ್ಕೆ ಆಡಿದರು. ಹೆಚ್ಚು ಕಡಿಮೆ ಎಲ್ಲರೂ ಸಿಂಹಳ ಆಡುವ ರಾಷ್ಟ್ರೀಯ ತಂಡಕ್ಕೆ ಈ ತಮಿಳು ಹುಡುಗಿ ಸೇರಿದ್ದು ಯುದ್ಧ ಇನ್ನೂ ನಡೆಯುತ್ತಿದ್ದಾಗ.

2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯಿತು. ಅದೇ ವರ್ಷ ಮಲೇಷ್ಯಾದಲ್ಲಿ ಶ್ರೀಲಂಕಾ ಏಷ್ಯಾ ಪ್ರಶಸ್ತಿ ಗೆದ್ದಿತು; ಫೈನಲ್‌ನಲ್ಲಿ 77–48. ಗೋಲ್ ಶೂಟರ್ ತರ್ಜಿನಿ. ಒಂದು ಆಟದಿಂದ ಯುದ್ಧದ ಗಾಯ ಮಾಯುವುದಿಲ್ಲ. ಆದರೆ ಉತ್ತರದ ಹುಡುಗಿಯ ಕೈಗೆ ದಕ್ಷಿಣದ ಹುಡುಗಿಯರು ನಂಬಿ ಚೆಂಡು ತೂರಿದರು, ಅವಳು ಒಂದೊಂದನ್ನೂ ಬಳೆಯೊಳಗೆ ಇಳಿಸಿದಳು ಎಂಬುದು ಸಣ್ಣ ಸಂಗತಿಯಲ್ಲ. ಮುಂದೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಸಿಟಿ ವೆಸ್ಟ್ ಫಾಲ್ಕನ್ಸ್ ಪರ ಆಡಿದರು. 2018ರಲ್ಲಿ ಸಿಂಗಪುರದಲ್ಲಿ ಮತ್ತೆ ಏಷ್ಯಾ ಪ್ರಶಸ್ತಿ, 2022ರಲ್ಲಿ ಮತ್ತೊಮ್ಮೆ. ಶ್ರೀಲಂಕಾದ ಒಟ್ಟು ಆರು ಪ್ರಶಸ್ತಿಗಳಲ್ಲಿ ಮೂರಕ್ಕೆ ಅವರ ಕೈ ಸೇರಿದೆ.

ಉದ್ದ ಲಂಗದ ಕಾಲದಿಂದ

1891ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಬ್ಯಾಸ್ಕೆಟ್‌ಬಾಲ್ ಇಂಗ್ಲೆಂಡಿನ ಹೆಣ್ಣುಮಕ್ಕಳ ಕಾಲೇಜಿಗೆ ಬಂದು, ಉದ್ದ ಲಂಗ ತೊಟ್ಟು ಆಡುವವರಿಗೆ ಒಗ್ಗುವಂತೆ ಬದಲಾಗಿ ನೆಟ್‌ಬಾಲ್ ಆಯಿತು. ಬ್ರಿಟಿಷರು ಆಳಿದ ದೇಶಗಳ ಶಾಲೆಗಳಲ್ಲಿ ಹರಡಿತು. ಅಂತರರಾಷ್ಟ್ರೀಯ ಒಕ್ಕೂಟಕ್ಕೂ ಸಮಾನ ನಿಯಮಗಳಿಗೂ 1960ರಲ್ಲಿ ಬುನಾದಿ ಬಿದ್ದದ್ದು ಸಿಲೋನಿನಲ್ಲೇ, ಅಂದರೆ ಇಂದಿನ ಶ್ರೀಲಂಕಾದಲ್ಲೇ. 1963ರಲ್ಲಿ ಇಂಗ್ಲೆಂಡಿನ ಈಸ್ಟ್‌ಬೋರ್ನ್‌ನಲ್ಲಿ ಮೊದಲ ವಿಶ್ವ ಕೂಟ ನಡೆಯಿತು. 1998ರಿಂದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದಕ್ಕೆ ಜಾಗವಿದೆ. 2010ರ ದೆಹಲಿ ಕೂಟದಲ್ಲಿ ಭಾರತದ ತಂಡವೂ ಆಡಿತ್ತು. ಒಲಿಂಪಿಕ್ಸ್ ಬಾಗಿಲು ಮಾತ್ರ ಇನ್ನೂ ತೆರೆದಿಲ್ಲ. ಹಾಗಾಗಿಯೇ ನಮ್ಮಲ್ಲಿ ಹಣವೂ ಕಡಿಮೆ, ಸುದ್ದಿಯೂ ಕಡಿಮೆ.

ನಮ್ಮ ಊರುಗಳಲ್ಲೂ ಎತ್ತರದ ಹುಡುಗಿಯರಿದ್ದಾರೆ. ಏಳನೆಯ ತರಗತಿಗೆ ಬರುವಷ್ಟರಲ್ಲಿ ಕೊನೆಯ ಬೆಂಚಿಗೆ ಹೋಗುತ್ತಾರೆ, ಬೆನ್ನು ಬಗ್ಗಿಸಿ ನಡೆಯಲು ಕಲಿಯುತ್ತಾರೆ. ಗಂಡು ಹುಡುಕುವುದು ಕಷ್ಟ ಎಂಬ ಮಾತು ಅವರ ಕಿವಿಗೆ ಬೇಗ ಬೀಳುತ್ತದೆ. ಎರಡು ಕಂಬ, ಎರಡು ಬಳೆ, ಒಂದು ಚೆಂಡು, ಆಟ ಬಲ್ಲ ಒಬ್ಬ ಶಿಕ್ಷಕಿ: ಇಷ್ಟಿದ್ದರೆ ಅಂಥವಳ ಎತ್ತರಕ್ಕೆ ಒಂದು ಕೆಲಸ ಸಿಗುತ್ತದೆ. ಇದು ದೊಡ್ಡ ಖರ್ಚಿನ ಮಾತಲ್ಲ.

ಹತ್ತಾರು ವರ್ಷ ತರ್ಜಿನಿಯ ಕೈಯ ಎತ್ತರವನ್ನೇ ಲೆಕ್ಕ ಹಿಡಿದು ಶ್ರೀಲಂಕಾ ತಂಡ ಆಡಿತು. ಚೆಂಡು ಎಷ್ಟು ಮೇಲೆ ಹೋದರೂ ಅಲ್ಲೊಂದು ಕೈ ಇರುತ್ತದೆ ಎಂಬ ಧೈರ್ಯದಲ್ಲೇ ಅಲ್ಲಿನ ಹುಡುಗಿಯರು ಪಾಸ್ ಕಲಿತರು. ಅಂಥ ಇನ್ನೊಬ್ಬಳು ಸುಲಭಕ್ಕೆ ಸಿಗುವುದಿಲ್ಲ. ಮುಂದೆ ಬರುವವರು ಚೆಂಡನ್ನು ಕೆಳಮಟ್ಟದಲ್ಲಿ, ವೇಗವಾಗಿ ಆಡಿಸುವುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಕಲಿತಾರು, ಗೆದ್ದಾರು ಕೂಡ. ಆದರೆ ಈಕೆ ಆಡುತ್ತಿದ್ದಾಗ ಕೂಗಳತೆಯ ಆಚೆ ದಡದಲ್ಲೇ ಇದ್ದ ನಾವು ಕೂತು ನೋಡಲಿಲ್ಲವಲ್ಲ ಎಂಬ ಕೊರಗು ನನಗೆ ಉಳಿದಿದೆ.